ಎರಡು ಗಣಕಯಂತ್ರಗಳ ಸಂಭಾಷಣೆ

ಅಂತರಜಾಲವು ಭಾರತದ ಜನಸಾಮಾನ್ಯರಿಗೆ ತೆರೆದುದು ೧೯೯೫ರ ಆಗಸ್ಟ್ ೧೫ರಂದು. ಆದರೆ ಮುಳಬಾಗಿಲಿನ ಗಣಕಯಂತ್ರವೊಂದು ಕೋಲಾರದ ಗಣಕಯಂತ್ರದೊಡನೆ ಮಾತನಾಡಲು ಅದರ ಹಂಗು ಬೇಕಿರಲಿಲ್ಲ. ಎರಡು ಕಡೆಯೂ ಒಂದೊಂದು ದೂರವಾಣಿ, ಒಂದೊಂದು ಮೋಡೆಮ್ ಇದ್ದರೆ ಸಾಕಾಗಿತ್ತು. ನಡುವೆ ಮೂರನೆಯವರ ಚಂದಾ ಇಲ್ಲ.

ದೂರವಾಣಿಯ ತಂತಿ ಏರ್ಪಟ್ಟುದು ಮನುಷ್ಯನ ಕಂಠಕ್ಕಾಗಿ. ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ರವರೆಗಿನ ಕಂಪನಗಳನ್ನಷ್ಟೇ ಅದು ಒಯ್ಯಬಲ್ಲುದು. ಗಣಕಕ್ಕೋ ಸೊನ್ನೆ ಮತ್ತು ಒಂದು, ಇವೆರಡೇ ಅಕ್ಷರ. ಅವನ್ನು ನಾದವಾಗಿಸಿ ಕಳುಹಿಸುವುದು, ಬಂದ ನಾದವನ್ನು ಮರಳಿ ಅಕ್ಷರವಾಗಿಸುವುದು ಮೋಡೆಮ್ಮಿನ ಕೆಲಸ.

ಜಿಲ್ಲೆ ಒಂದೇ ಆದರೂ ಮಾಲೂರಿಗೆ ೦೮೧೫೧, ಶ್ರೀನಿವಾಸಪುರಕ್ಕೆ ೦೮೧೫೭, ಮುಳಬಾಗಿಲಿಗೆ ೦೮೧೫೯ ಎಂದು ಬೇರೆ ಬೇರೆ ಸಂಕೇತ. ಮುಳಬಾಗಿಲಿನವರು ೦೮೧೫೨ ಒತ್ತಿ ಕೋಲಾರವನ್ನು ಕರೆಯುವ ಮೊದಲೇ ಅಲ್ಲಿನ ಯಂತ್ರಕ್ಕೆ ‘ಉತ್ತರಿಸು’ ಎಂದು ಆಜ್ಞಾಪಿಸಿರಬೇಕು. ಇಬ್ಬರೂ ಕರೆಯುವ ಹಟ ಹಿಡಿದರೆ ಕೇಳಿಸುವುದು ಎಂಗೇಜ್ ಸದ್ದು ಮಾತ್ರ! ಕರೆ ಕೂಡಿದೊಡನೆ ಕೆಲವು ಕ್ಷಣ ಶಿಳ್ಳೆ, ಕರ್ಕಶ ಗೊರಗೊರ. ಯಾವ ವೇಗದಲ್ಲಿ ಮಾತನಾಡುವುದೆಂಬ ಚೌಕಾಸಿ ಅದು.

ಕೊಂಡವರು ನಿರಾಶರಾಗುತ್ತಿದ್ದುದು ಈ ವೇಗದಲ್ಲೇ. ೧೯೯೮ರಲ್ಲಿ ನಿಯಮಬದ್ಧವಾದ ‘೫೬ ಕೆ’ ಮೋಡೆಮ್ಮುಗಳನ್ನು ಎರಡೂ ಮನೆಗಳಿಗೆ ತಂದರೂ ನೇರ ಕರೆಯ ವೇಗ ಸೆಕೆಂಡಿಗೆ ೩೩,೬೦೦ ಬಿಟ್ ದಾಟದು. ಅದಕ್ಕೂ ಮಿಗಿಲು ಬೇಕಾದರೆ ಒಂದು ತುದಿ ಅಂಕೀಯ ಜಾಲಕ್ಕೇ ಜೋಡಿಸಿರಬೇಕು. ಆ ಸೌಕರ್ಯ ಅಂತರಜಾಲ ಸೇವೆಯವರಿಗೆ ಉಂಟು, ಸಂಸಾರಸ್ಥರಿಗೆಲ್ಲಿ? ತಂತಿ ಕೆಟ್ಟಿದ್ದರೆ ೯,೬೦೦ಕ್ಕೂ ಇಳಿದೀತು.

ಆಗ ಒಂದು ಫ್ಲಾಪಿಯಷ್ಟು, ಎಂದರೆ ೧.೪೪ ಮೆಗಾಬೈಟು, ದಾಟಲು ಇಪ್ಪತ್ತು ನಿಮಿಷಕ್ಕೆ ಕಡಮೆಯಿಲ್ಲ. ಅಷ್ಟು ಹೊತ್ತೂ ಕರೆಯ ಮೀಟರು ಓಡುತ್ತಲೇ ಇರುತ್ತಿತ್ತು. ಒಂದೆರಡು ಪುಟದ ಪತ್ರಕ್ಕೆ ಮೋಡೆಮ್ಮೇ ಮೇಲು. ಹತ್ತು ಫ್ಲಾಪಿಗಳಾದರೆ ಮೂರು ಗಂಟೆಗೂ ಮಿಕ್ಕಿತು; ಅವನ್ನು ಕೈಚೀಲದಲ್ಲಿಟ್ಟು ಮೂವತ್ತು ಕಿಲೋಮೀಟರಿನಾಚೆಯ ಕೋಲಾರಕ್ಕೆ ಬಸ್ಸು ಹತ್ತಿದವನೇ ಮೊದಲು ತಲಪುತ್ತಿದ್ದ.