ಯುದ್ಧ ಮುಗಿಯಿತು ಎನ್ನುವವರಿಗೆ
ಅಫ್ಘಾನಿಸ್ತಾನದಲ್ಲಿ ಯುದ್ಧ ಮುಗಿದಿದೆ, ನಿರಾಶ್ರಿತರು ಇನ್ನು ಊರಿಗೆ ಮರಳಲಿ ಎಂಬ ವಾದ ಈಗ ಸಲೀಸಾಗಿ ಕೇಳಿಬರುತ್ತಿದೆ. ದಾಖಲೆಯಿಲ್ಲದವರು ನವೆಂಬರ್ 1ರೊಳಗೆ ಹೊರಡಬೇಕೆಂದು ಪಾಕಿಸ್ತಾನ 2023ರಲ್ಲಿ ಗಡುವು ಕೊಟ್ಟ ಮೇಲೆ ಲಕ್ಷಾಂತರ ಅಫ್ಘನ್ನರು ತೋರ್ಖಮ್, ಚಮನ್ ಗಡಿ ದಾಟಿದರು. 2025ರಲ್ಲಿ ಇರಾನಿನಿಂದ ವಾಪಸಾದವರೇ 10 ಲಕ್ಷಕ್ಕೂ ಹೆಚ್ಚು. ಆದರೆ ಈ ಮರಳುವಿಕೆ ಗಂಡಸಿಗೂ ಹೆಂಗಸಿಗೂ ಒಂದೇ ಅಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು, ಪರದೇಶದಲ್ಲಿ ಮನೆಗೆಲಸ, ಕಸೂತಿ ಮಾಡಿ ಮಕ್ಕಳನ್ನು ಸಾಕಿದ ಹೆಂಗಸು ಗಡಿಯಾಚೆ, ಅಲ್ಲಿನ ಆಡಳಿತದ ನಿಯಮದಂತೆ, 72 ಕಿಲೋಮೀಟರಿಗಿಂತ ದೂರ ಹೋಗಬೇಕಾದರೆ ಹತ್ತಿರದ ಸಂಬಂಧಿಕ ಗಂಡಸೊಬ್ಬ ಜೊತೆಗಿರಲೇಬೇಕು. ಆಕೆಯ ಮಗಳಿಗೆ ಆರನೆಯ ತರಗತಿಯ ನಂತರ ಶಾಲೆಯಿಲ್ಲ. ನೆರವು ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳು ದುಡಿಯುವುದಕ್ಕೆ 2022ರ ಡಿಸೆಂಬರ್‌ನಲ್ಲಿ ನಿಷೇಧ ಬಿದ್ದಿರುವುದರಿಂದ, ಆಕೆಯ ಕಷ್ಟ ಕೇಳಬೇಕಾದ ಹೆಂಗಸೂ ಆಕೆಯ ಬಳಿ ಬರುವುದು ದುಸ್ತರ. ನಾಲ್ಕು ದಶಕ ಈ ಜನರಿಗೆ ನೆಲೆ ಕೊಟ್ಟ ನೆರೆಯ ದೇಶಗಳ ದಣಿವು ನಿಜ. ಶ್ರೀಮಂತ ರಾಷ್ಟ್ರಗಳು ಹೊರೆಯನ್ನು ಸರಿಯಾಗಿ ಹಂಚಿಕೊಳ್ಳಲಿಲ್ಲ ಎಂಬ ದೂರೂ ನ್ಯಾಯವಾದದ್ದೇ. ಆದರೆ ಅದು ಸರ್ಕಾರಗಳ ನಡುವಿನ ಲೆಕ್ಕ, ಒಬ್ಬ ವಿಧವೆಯಿಂದ ವಸೂಲು ಮಾಡುವಂಥದ್ದಲ್ಲ. ಅಫ್ಘನ್ ಹೆಣ್ಣಾಗಿರುವುದೇ ಆಶ್ರಯಕ್ಕೆ ಸಾಕಾದ ಕಾರಣವಾಗಬಲ್ಲದು ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿದೆ. ಆ ತೀರ್ಪು ನೆರೆಯ ದೇಶಗಳನ್ನು ಕಟ್ಟಿಹಾಕುವುದಿಲ್ಲ ಎಂಬುದು ಸರಿ. ಆದರೆ ಗಡಿಗೆ ಅಟ್ಟುವ ಮೊದಲು ಪ್ರತಿ ಹೆಣ್ಣಿನ ಅಹವಾಲನ್ನು ಪ್ರತ್ಯೇಕವಾಗಿ ಕೇಳಲು ಅವಕ್ಕೆ ಯಾವ ಕಾನೂನೂ ಅಡ್ಡಬಂದಿಲ್ಲ.