ಬೀಗ ಬದಲಾಯಿತು, ಬಿಲ್ಲೆ ಉಳಿಯಿತು

ಕಳೆದ ಆಷಾಢದ ಒಂದು ಮಧ್ಯಾಹ್ನ ಯಾದವಗಿರಿಯ ಗೆಳತಿಯೊಬ್ಬರ ಮನೆಯಲ್ಲಿ ಒಬ್ಬ ಹೆಣ್ಣುಮಗಳ ಮಾತು ಕೇಳುತ್ತ ಕುಳಿತಿದ್ದೆ. ಆಕೆಯ ಹೆಸರು ಬೇಡ. ಗಂಡನ ಮನೆ ಬಿಟ್ಟು ತವರಿಗೆ ಬಂದು ಐದು ತಿಂಗಳಾಗಿತ್ತು. ಮದುವೆಗೆ ಕೊಟ್ಟ ಒಡವೆ, ಆಮೇಲೆ ಸೈಟಿಗೆಂದು ಕೇಳಿದ ಹಣ, ಅದು ಸಿಗದಾಗ ಬಿದ್ದ ಹೊಡೆತ. ಈ ಪತ್ರಿಕೆಯ ಓದುಗರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆಕೆ ಹೇಳಿದ ಇನ್ನೊಂದು ಸಂಗತಿ ನನಗೂ ಹೊಸದು. ವಕೀಲರನ್ನು ಕಾಣಲು ಹೊರಟ ದಿನವೆಲ್ಲ ಗಂಡ ಆ ಬೀದಿಯ ತುದಿಯಲ್ಲಿ ಮೊದಲೇ ನಿಂತಿರುತ್ತಿದ್ದ. ಆಕಾಶವಾಣಿಯ ಬಳಿ ಬಸ್ಸಿಗೆ ಕಾಯುವಾಗ ಸ್ಕೂಟರಿನಲ್ಲಿ ಎದುರಾಗುತ್ತಿದ್ದ.

"ಪಾಸ್‌ವರ್ಡ್ ಮೂರು ಸಲ ಬದಲಾಯಿಸಿದೆ ಅಕ್ಕಾ. ಆದರೂ ಅವರಿಗೆ ಎಲ್ಲಾ ಗೊತ್ತಾಗುತ್ತೆ. ನಮ್ಮಣ್ಣನೇ ಹೇಳ್ತಿದಾನೇನೋ ಅಂತ ಅನುಮಾನ ಬಂದು ಅವನ ಹತ್ತಿರ ಮಾತು ಬಿಟ್ಟಿದ್ದೀನಿ" ಎಂದಳು.

ಪಾಸ್‌ವರ್ಡ್ ಬದಲಾಯಿಸಿದರೆ ಸಾಕು ಎಂದು ಆಕೆಗೆ ಹೇಳಿದವಳು ನಾನೇ. ನನ್ನ ಬುದ್ಧಿ ಅಷ್ಟಕ್ಕೇ ನಿಂತಿತ್ತು. ಗೆಳತಿಯ ಮಗಳು ಕಂಪ್ಯೂಟರ್ ಕೆಲಸ ಮಾಡುವವಳು. ಆಕೆಯ ಖಾತೆಯನ್ನು ತೆರೆದು ನೋಡಿ ನಿಜ ಹೊರತೆಗೆದಳು. ಮದುವೆಯಾದ ಹೊಸತರಲ್ಲಿ ಗಂಡ ತನ್ನ ಫೋನಿನ ಒಂದು ಆ್ಯಪನ್ನು ಹೆಂಡತಿಯ ಖಾತೆಗೆ ಜೋಡಿಸಿದ್ದ. ಮನೆಯ ಕ್ಯಾಲೆಂಡರ್ ಇಬ್ಬರಿಗೂ ಕಾಣಲಿ ಎಂದು ಕೇಳಿದಾಗ ಈಕೆ "ಒಪ್ಪಿಗೆ" ಎಂದು ಒತ್ತಿದ್ದಳು. ಅಂದು ಕೊಟ್ಟ ಒಪ್ಪಿಗೆ ಇಂದಿಗೂ ಜೀವಂತವಾಗಿತ್ತು. ವಕೀಲರ ಭೇಟಿಯ ದಿನ, ಸಮಯ, ವಿಳಾಸ ಎಲ್ಲವೂ ಅವನ ಕೈಗೆ ತಾನಾಗಿಯೇ ಸೇರುತ್ತಿತ್ತು. ಪಾಪ, ಆ ಅಣ್ಣನ ತಪ್ಪೇನೂ ಇರಲಿಲ್ಲ.

ಇದು ಹೇಗೆ ಸಾಧ್ಯ? ಹಿಂದೆ ಬ್ಯಾಂಕಿನಲ್ಲಿ ಚೆಕ್ ಕೊಟ್ಟರೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಆ ಬಿಲ್ಲೆ ತಂದವರಿಗೆ ಕೌಂಟರಿನಲ್ಲಿ ಹಣ. ಕಂಪ್ಯೂಟರಿನವರೂ ಅದೇ ಹೆಸರು ಇಟ್ಟುಕೊಂಡಿದ್ದಾರೆ. ನೀವು ಒಮ್ಮೆ ಒಪ್ಪಿದರೆ ಸೇವೆಯು ಆ ಆ್ಯಪಿಗೆ ಟೋಕನ್ ಕೊಡುತ್ತದೆ. ಅಲ್ಲಿಂದ ಮುಂದೆ ಆ್ಯಪ್ ತೋರಿಸುವುದು ಬಿಲ್ಲೆಯನ್ನು, ಪಾಸ್‌ವರ್ಡನ್ನಲ್ಲ. ಇದರಲ್ಲಿ ಎರಡು ಬಗೆ. ಒಂದರ ಆಯಸ್ಸು ಕಡಿಮೆ, ಎಷ್ಟೋ ಕಡೆ ಒಂದು ಗಂಟೆಯ ಆಸುಪಾಸು. ಇನ್ನೊಂದು, ಅದು ತೀರಿದಾಗಲೆಲ್ಲ ಹೊಸ ಬಿಲ್ಲೆ ತಂದುಕೊಡುವ ದೊಡ್ಡ ಬಿಲ್ಲೆ. ಅದು ತಿಂಗಳುಗಟ್ಟಲೆ ಬಾಳಬಹುದು. ಪಾಸ್‌ವರ್ಡ್ ಬದಲಿಸುವುದೆಂದರೆ ಬಾಗಿಲ ಬೀಗ ಬದಲಿಸಿದಂತೆ. ಹಂಚಿಹೋದ ಬಿಲ್ಲೆಗಳೂ ಅದರೊಂದಿಗೆ ಸಾಯುತ್ತವೆಯೇ ಎಂಬುದು ಒಂದೊಂದು ಸೇವೆಯಲ್ಲಿ ಒಂದೊಂದು ರೀತಿ. ಆದ್ದರಿಂದ ಅವನ್ನು ಬೇರೆಯಾಗಿಯೇ ರದ್ದು ಮಾಡಬೇಕು.

ರದ್ದು ಮಾಡುವ ವಿಧಾನವನ್ನು ಇಂಟರ್‌ನೆಟ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಕೂಟ 2013ರ ಆಗಸ್ಟಿನಲ್ಲಿ ಬರೆದಿಟ್ಟಿದೆ. ಆರ್‌ಎಫ್‌ಸಿ 7009 ಎಂಬುದು ಅದರ ಹೆಸರು. ಟೋಕನನ್ನು ಗೊತ್ತಾದ ವಿಳಾಸಕ್ಕೆ ಕಳಿಸಿ "ಇದು ಇನ್ನು ಬೇಡ" ಎಂದರೆ ಸರ್ವರ್ ಅದನ್ನು ರದ್ದು ಮಾಡುತ್ತದೆ. ದೊಡ್ಡ ಬಿಲ್ಲೆ ರದ್ದಾದರೆ ಅದರಿಂದ ಹುಟ್ಟಿದ ಚಿಕ್ಕವೂ ರದ್ದಾಗತಕ್ಕದ್ದೆಂಬ ಆಶಯವೂ ಅದರಲ್ಲಿದೆ. ಆದರೆ ಆ ಕೋರಿಕೆ ಸಲ್ಲಿಸಬೇಕಾದದ್ದು ಯಾರು? ಬಿಲ್ಲೆ ಹಿಡಿದಿರುವ ಆ್ಯಪ್! ಅಂದರೆ ಪಡೆದವನೇ ಮರ್ಯಾದೆಯಿಂದ ಹಿಂತಿರುಗಿಸುತ್ತಾನೆ ಎಂಬ ನಂಬಿಕೆಯ ಮೇಲೆ ಕಟ್ಟಿದ ದಾರಿ ಇದು. ನಮ್ಮ ಹೆಣ್ಣುಮಗಳ ವಿಷಯದಲ್ಲಿ ಆ ಆ್ಯಪ್ ಇರುವುದು ಗಂಡನ ಜೇಬಿನಲ್ಲಿ. ಕೊಟ್ಟವಳೇ ಕಿತ್ತುಕೊಳ್ಳಲು ಆಕೆಯ ಖಾತೆಯ ಕಡೆಯಿಂದ ಬೇರೆ ಬಾಗಿಲು ಬೇಕು. ದೊಡ್ಡ ಸೇವೆಗಳು ಅದನ್ನು ಇಟ್ಟಿವೆ, ಆದರೆ ನಾಲ್ಕು ಪುಟಗಳ ಹಿಂದೆ.

ಧಾರೆಯ ಹೊತ್ತಿನಲ್ಲಿ ತಲೆಯಾಡಿಸಿದ್ದನ್ನೇ ಹೆಣ್ಣಿನ ಬಾಳಿಡೀ ಒಪ್ಪಿಗೆ ಎಂದು ತಿಳಿಯುವ ಸಮಾಜ ನಮ್ಮದು. ಯಂತ್ರವೂ ಅದನ್ನೇ ಕಲಿತರೆ ಹೇಗೆ? ಮೈಸೂರು ಬೆಂಗಳೂರುಗಳಲ್ಲಿ ಸಾಫ್ಟ್‌ವೇರ್ ಬರೆಯುವ ನಮ್ಮ ಮಕ್ಕಳನ್ನು ನಾನು ಕೇಳುವುದು ಇಷ್ಟೆ. ಪಾಸ್‌ವರ್ಡ್ ಬದಲಿಸಿದ ಕೂಡಲೇ ಹಳೆಯ ಬಿಲ್ಲೆಗಳೆಲ್ಲ ಸಾಯಲಿ. "ಎಲ್ಲ ಕಡೆಯಿಂದ ಹೊರಹಾಕು" ಎಂಬ ಗುಂಡಿ ಮೊದಲ ಪುಟದಲ್ಲಿ, ಕನ್ನಡದಲ್ಲಿ ಇರಲಿ. ಕೇಂದ್ರವನ್ನು ಕೇಳದೆ ತಾನಾಗಿ ಚಲಾವಣೆಯಾಗುವ ಬಿಲ್ಲೆಗಳೂ ಇವೆ. ರದ್ದು ಮಾಡಿದರೂ ಅವಧಿ ಮುಗಿಯುವವರೆಗೆ ಅವು ನಡೆಯುತ್ತವೆ. ಅವುಗಳ ಆಯಸ್ಸು ನಿಮಿಷಗಳ ಲೆಕ್ಕದಲ್ಲಿರಲಿ.

ಗೆಳತಿಯರೇ, ಇದನ್ನು ಓದಿದ ಕೂಡಲೇ ಫೋನ್ ಹಿಡಿದು ಎಲ್ಲವನ್ನೂ ಕತ್ತರಿಸಲು ಹೊರಡಬೇಡಿ. ಬಿಲ್ಲೆ ರದ್ದಾದ ಗಳಿಗೆಯಲ್ಲೇ ಅವನಿಗೆ ಅದು ತಿಳಿಯಬಹುದು. ಹಿಡಿತ ತಪ್ಪಿತೆಂದಾಗ ಕೈ ಎತ್ತುವ ಗಂಡಸರನ್ನು ನಾವು ಕಂಡಿದ್ದೇವೆ. ಅವನೊಂದಿಗೆ ಒಂದೇ ಸೂರಿನಡಿ ಇರುವವರು ಮೊದಲು ಸುರಕ್ಷಿತ ಜಾಗ ನೋಡಿಕೊಳ್ಳಿ. ಅವನ ಕೈಗೆ ಸಿಗದ ಬೇರೆ ಫೋನಿನಿಂದ ಕೆಲಸ ಮಾಡಿ. ಜೋಡಣೆಯಾದ ಸಾಧನ ಮತ್ತು ಆ್ಯಪ್‌ಗಳ ಪಟ್ಟಿಯನ್ನು ದಿನಾಂಕ ಕಾಣುವಂತೆ ಚಿತ್ರ ತೆಗೆದಿಡಿ. ಅಳಿಸಿದ ಮೇಲೆ ಸಾಕ್ಷಿ ಸಿಗುವುದು ಕಷ್ಟ. ರದ್ದು ಮಾಡುವುದು ಆಮೇಲಿನ ಮಾತು.

ಕಾನೂನು ನಮ್ಮ ಕಡೆಗಿದೆ. ಹೆಣ್ಣಿನ ಇಂಟರ್‌ನೆಟ್, ಇ-ಮೇಲ್ ಬಳಕೆಯ ಮೇಲೆ ಕಣ್ಣಿಡುವುದು 2013ರಿಂದಲೇ ಅಪರಾಧ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಗಂಡನೆಂಬ ಕಾರಣಕ್ಕೆ ಅಲ್ಲಿ ವಿನಾಯಿತಿಯಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 18ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಫೋನ್ ಮತ್ತು ಎಲೆಕ್ಟ್ರಾನಿಕ್ ಸಂಪರ್ಕವನ್ನು ನಿಷೇಧಿಸಬಹುದು. ಆದರೆ ಸದ್ದಿಲ್ಲದೆ ಓದುವವನು "ನಾನು ಸಂಪರ್ಕವನ್ನೇ ಮಾಡಿಲ್ಲ" ಎಂದು ಜಾರಿಕೊಳ್ಳುತ್ತಾನೆ. ಆದ್ದರಿಂದ ಆಕೆಯ ಖಾತೆಗಳನ್ನು ನೋಡಕೂಡದು, ಜೋಡಿಸಿದ್ದನ್ನು ತೆಗೆಯಬೇಕು ಎಂದು ಆದೇಶದಲ್ಲೇ ಬರೆಸಲು ನಿಮ್ಮ ವಕೀಲರನ್ನು ಕೇಳಿ. ಆದೇಶ ಮೀರಿದರೆ ಒಂದು ವರ್ಷದವರೆಗೆ ಸೆರೆವಾಸವಿದೆ. ಸಹಾಯಕ್ಕೆ 181, ಸೈಬರ್ ವಂಚನೆಗೆ 1930.

ಅಂದು ಎಲ್ಲವನ್ನೂ ಬರೆದಿಟ್ಟುಕೊಂಡು, ವಕೀಲರನ್ನು ಕೇಳಿ, ಮೂರನೆಯ ದಿನ ಆಕೆ ತನ್ನ ಬೆರಳಿನಿಂದಲೇ ಆ ಅನುಮತಿಯನ್ನು ತೆಗೆದುಹಾಕಿದಳು. ನಾನು ಪಕ್ಕದಲ್ಲಿದ್ದೆ, ಮುಟ್ಟಲಿಲ್ಲ. ಆಮೇಲೆ ಆಕೆ ಮೊದಲು ಮಾಡಿದ ಕೆಲಸವೆಂದರೆ ಅಣ್ಣನಿಗೆ ಫೋನ್ ಮಾಡಿದ್ದು.