ಮುರುಕು ಕಲ್ಲನ್ನು ಓದುವುದು ಹೇಗೆ?

ಮಕ್ಕಳೇ, ನಿಮ್ಮೂರ ಕೆರೆ ಏರಿಯ ಮೇಲೋ, ಹನುಮಪ್ಪನ ಗುಡಿಯ ಪಕ್ಕದಲ್ಲೋ, ಹೊಲದ ಬದುವಿನಲ್ಲೋ ಚಿತ್ರ ಕೆತ್ತಿದ ಕಲ್ಲೊಂದು ಓರೆಯಾಗಿ ನಿಂತಿರುವುದನ್ನು ನೋಡಿದ್ದೀರಾ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮಕ್ಕಳಾದರೆ “ಓ, ನೋಡಿದ್ದೇವೆ” ಅನ್ನುತ್ತೀರಿ. ಆದರೆ ಎಷ್ಟೋ ಕಲ್ಲುಗಳು ಇಡಿಯಾಗಿ ಉಳಿದಿಲ್ಲ. ಮೇಲಿನ ಅರ್ಧ ಮುರಿದಿರುತ್ತದೆ, ಇಲ್ಲವೇ ಕೆಳಗಿನ ಅರ್ಧ ಮಣ್ಣಿನಲ್ಲಿ ಹೂತಿರುತ್ತದೆ. ಮುರಿದ ಕಲ್ಲು ತಾನೇ ಎಂದು ಅದರ ಮೇಲೆ ಬಟ್ಟೆ ಒಗೆಯುವವರಿದ್ದಾರೆ, ಅದಕ್ಕೆ ದನ ಕಟ್ಟುವವರೂ ಇದ್ದಾರೆ. ಅಂಥ ಕಲ್ಲಿನ ಮೇಲೆ ಒಂದಕ್ಷರ ಇಲ್ಲದಿದ್ದರೂ ಅದನ್ನು ಓದಬಹುದು. ಹೇಗೆಂದು ಈ ವಾರ ಹೇಳುತ್ತೇನೆ.

ಇವುಗಳಲ್ಲಿ ಹೆಚ್ಚಿನವು ವೀರಗಲ್ಲುಗಳು. ಹಿರಿಯರ ಬಾಯಲ್ಲಿ ‘ಈರಗಲ್ಲು’. ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಇದರಲ್ಲಿ ಮೂರು ಅಂತಸ್ತು ಇರುತ್ತದೆ. ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುತ್ತೇವೆ, ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ಚಿತ್ರ. ಮೇಲೆ ಆತ ದೇವರ ಸನ್ನಿಧಿಯಲ್ಲಿ ಕೈಮುಗಿದು ಕೂತಿರುತ್ತಾನೆ. ಪಕ್ಕದಲ್ಲಿ ಲಿಂಗ, ಬಸವ. ತುದಿಯಲ್ಲಿ ಸೂರ್ಯ, ಚಂದ್ರ. ಸೂರ್ಯ ಚಂದ್ರರು ಇರುವವರೆಗೂ ಈ ಹೆಸರು ಇರಲಿ ಎಂದು ಅದರ ಅರ್ಥ.

ಈಗ ತುಂಡಿಗೆ ಬರೋಣ. ಹಿರಿಯೂರು ಕಡೆಯ ಒಂದು ಹಳ್ಳಿಯಲ್ಲಿ ಕೊಟ್ಟಿಗೆಯ ಗೋಡೆಗೆ ಸೇರಿಸಿದ ಎರಡು ಗೇಣಿನ ತುಂಡೊಂದನ್ನು ನಾನು ನೋಡಿದೆ. ಅದರಲ್ಲಿ ಒಂದರ ಹಿಂದೊಂದು ಮೂರು ಹಸುಗಳ ತಲೆ, ಮಡಿಸಿದ ಒಂದು ಮೊಣಕಾಲು, ಬಿಲ್ಲಿನ ಕೆಳತುದಿ. ಅಷ್ಟೇ. ಮನುಷ್ಯನ ಮುಖವಿಲ್ಲ, ಹೆಸರಿಲ್ಲ. ಆದರೂ ಹಸುಗಳಿವೆಯಲ್ಲ, ಅದು ತುರುಗಾಳಗದ ಕಲ್ಲು. ಆಗ ದನವೇ ಊರಿನ ಆಸ್ತಿ. ಹಗೆಗಳು ಬಂದು ಮಂದೆಯನ್ನು ಹೊಡೆದುಕೊಂಡು ಹೋದರೆ ಊರಿನ ಹಾಲು, ಗೊಬ್ಬರ, ಬೇಸಾಯ ಎಲ್ಲವೂ ಹೋದಂತೆ. ಅವನ್ನು ಬಿಡಿಸಿಕೊಂಡು ಬರಲು ಬಿಲ್ಲು ಹಿಡಿದು ಹೋದವನು ಈತ.

ಹೀಗೆಯೇ ಬೇರೆ ಗುರುತುಗಳೂ ಇವೆ. ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಮಡಿದವನು. ಬಳೆ ತೊಟ್ಟ ಒಂದು ಕೈ ಮೇಲಕ್ಕೆ ಎದ್ದಿದ್ದರೆ ಅದು ಮಾಸ್ತಿಕಲ್ಲು, ಗಂಡ ಸತ್ತಾಗ ಚಿತೆಯೇರಿದ ಹೆಣ್ಣಿನದು. ಆ ಪದ್ಧತಿ ನಿಂತದ್ದು ಒಳ್ಳೆಯದಾಯಿತು. ಆದರೆ ಆ ತಾಯಿಯ ನೆನಪು ಅಳಿಯಬಾರದು.

ಕೊಟ್ಟಿಗೆಯ ಕಲ್ಲನ್ನು ನಾನು ನೋಡುತ್ತಿದ್ದಾಗ ಆ ಮನೆಯ ಅಜ್ಜಿ ಒಂದು ಮಾತು ಹೇಳಿದರು: “ಇದು ಇಲ್ಲೀದಲ್ಲ ಮೇಷ್ಟ್ರೇ. ನಮ್ಮ ಮಾವನ ಕಾಲದಲ್ಲಿ ಹಳ್ಳದಾಚೆ ಹೊಲದಾಗಿತ್ತು. ಈಗಲೂ ಅದಕ್ಕೆ ಈರಗಲ್ಲು ಹೊಲ ಅಂತಲೇ ಅಂತೀವಿ.” ಕಲ್ಲು ಹೇಳದೆ ಬಿಟ್ಟದ್ದನ್ನು ಅಜ್ಜಿ ಹೇಳಿದರು. ವೀರ ಬಿದ್ದ ಜಾಗದಲ್ಲೋ ಊರ ಮುಂದೆಯೋ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಹಾಗಾದರೆ ಹಳ್ಳದಾಚೆ ಹಿಂದೆ ಊರಿತ್ತೇ? ಕಾಳಗ ನಡೆದದ್ದು ಅಲ್ಲೇ ಏನು? ಅಜ್ಜಿಯ ಮಾತು ಇಲ್ಲದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇಂಥ ಕಲ್ಲುಗಳಿಂದ ಏನು ಸಿಗುತ್ತದೆ ಎಂದು ಕೇಳುವವರಿಗೆ ಚಿತ್ರದುರ್ಗದ ಹತ್ತಿರದ ತಮಟಕಲ್ಲೇ ಉತ್ತರ. ಅಲ್ಲಿನ ಕಲ್ಲಿನ ಮೇಲೆ ಗುಣಮಧುರ ಎಂಬ ವೀರನನ್ನು ಹೊಗಳುವ ಪದ್ಯವಿದೆ. ಅದಕ್ಕೆ ಸುಮಾರು 1,500 ವರ್ಷ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಪದ್ಯಗಳಲ್ಲಿ ಅದೂ ಒಂದು. ಬಿ. ಎಲ್. ರೈಸ್ ಎಂಬ ವಿದ್ವಾಂಸರು ನಮ್ಮ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಯಾವ ಶಾಸನ ಯಾವ ಊರಿನದು ಎಂದೂ ಬರೆದಿಟ್ಟರು. ಅಕ್ಷರವಿಲ್ಲದ ಮುರುಕು ಕಲ್ಲುಗಳಿಗೆ ಅಂಥ ಪಟ್ಟಿಯ ಭಾಗ್ಯ ಸಿಗುವುದು ಅಪರೂಪ.

ಕೆತ್ತಿದ ಕಲ್ಲನ್ನು ಗೋಡೆಗೆ ಹಾಕುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಗ್ರೀಸ್ ದೇಶದ ಅಥೆನ್ಸ್ ನಗರವನ್ನು ಸುಟ್ಟರು. ಅವರು ಹೋದ ಮೇಲೆ ಥೆಮಿಸ್ಟೊಕ್ಲಿಸ್ ಎಂಬ ಮುಖಂಡನ ಮಾತಿನಂತೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಸೇರಿ ತರಾತುರಿಯಲ್ಲಿ ಕೋಟೆಗೋಡೆ ಕಟ್ಟಿದರು. ಕೈಗೆ ಸಿಕ್ಕ ಸಮಾಧಿಯ ಕಲ್ಲು, ಶಿಲ್ಪದ ಕಲ್ಲು ಎಲ್ಲವನ್ನೂ ಅದಕ್ಕೆ ತುಂಬಿದರು ಎಂದು ಥುಸಿಡಿಡೀಸ್ ಎಂಬ ಇತಿಹಾಸಕಾರ ಬರೆದಿದ್ದಾನೆ. 1922ರಲ್ಲಿ ಆ ಗೋಡೆಯಿಂದ ಒಂದು ಪ್ರತಿಮೆಯ ಪೀಠ ಹೊರಬಂತು. ಅದರ ಮೇಲೆ ಏನಿತ್ತು ಗೊತ್ತೇ? ತುದಿ ಬಾಗಿದ ಕೋಲು ಹಿಡಿದ ಇಬ್ಬರು, ನಡುವೆ ಒಂದು ಚೆಂಡು. ನಮ್ಮ ಹಾಕಿಯಂಥ ಆಟ! 2,500 ವರ್ಷಗಳ ಹಿಂದೆಯೇ ಅಲ್ಲಿ ಅಂಥ ಆಟವಿತ್ತು ಎಂದು ಆ ಕಲ್ಲು ಹೇಳಿತು. ಈಗ ಅದು ಅಥೆನ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಗೋಡೆಗೆ ಸೇರಿದ ಕಲ್ಲು ಹೀಗೆ ಒಂದು ದಿನ ಹೊರಬರಬಹುದು. ಜಲ್ಲಿಯಾದ ಕಲ್ಲು ಬರುವುದಿಲ್ಲ. ನಿಧಿಯ ಆಸೆಗೆ ಬುಡ ಅಗೆದು ಒಡೆದ ಕಲ್ಲೂ ಬರುವುದಿಲ್ಲ. ವೀರಗಲ್ಲು ನೆನಪಿನ ಗುರುತು, ಹಣ ಹೂತ ಜಾಗದ ಗುರುತಲ್ಲ. ಇದನ್ನು ನಾಲ್ಕು ಜನರಿಗೆ ಹೇಳಿ.

ಬರುವ ಭಾನುವಾರ ತಾತ, ಅಜ್ಜಿಯರನ್ನು ಕರೆದುಕೊಂಡು ನಿಮ್ಮೂರ ಕಲ್ಲಿನ ಹತ್ತಿರ ಹೋಗಿ. ಬೆಳಿಗ್ಗೆ ಇಲ್ಲವೇ ಸಂಜೆ ಹೋಗಿ, ಓರೆ ಬಿಸಿಲಿನಲ್ಲಿ ಸವೆದ ಗೆರೆಗಳೂ ಕಾಣುತ್ತವೆ. ಕಲ್ಲನ್ನು ಕೀಳಬೇಡಿ, ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಸುಣ್ಣ ಬಣ್ಣ ಬಳಿಯಬೇಡಿ. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಿರಿ. ಕಲ್ಲು ಎಷ್ಟು ಗೇಣು ಉದ್ದ, ಯಾವ ದಿಕ್ಕಿಗೆ ಮುಖ, ಯಾರ ಹೊಲದಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ. ಚಿತ್ರದುರ್ಗಕ್ಕೆ ಹೋದಾಗ ರಂಗಯ್ಯನ ಬಾಗಿಲ ಬಳಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ಕೇಳಿ.

ತಾತ, ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. ಊರ ಸುತ್ತಿನ ಹೊಲ, ಹಳ್ಳ, ದಿಣ್ಣೆಗಳ ಹೆಸರುಗಳನ್ನು ಮೊಮ್ಮಕ್ಕಳ ಕೈಯಲ್ಲಿ ಒಂದೊಂದಾಗಿ ಬರೆಸಿ. ಪಹಣಿಯಲ್ಲಿ ಸರ್ವೆ ನಂಬರ್ ಸಿಗುತ್ತದೆ. ‘ಈರಗಲ್ಲು ಹೊಲ’ ಎಂಬ ಹೆಸರು ನಿಮ್ಮ ಬಾಯಲ್ಲಷ್ಟೇ ಇದೆ.